ಸ್ಟುಟ್‌ಗಾರ್ಟ್‌ನ ವಸ್ತುಸಂಗ್ರಹಾಲಯದಲ್ಲಿರುವ ಮರ್ಸಿಡಿಸ್‌ನ ನೀಲಿ ರೇಸ್ ಕಾರು ಸಾಗಣೆ ಲಾರಿ ಅಸಲಿಯೇ?

ಅಲ್ಲ. ಅಸಲಿ ಲಾರಿಯನ್ನು 1967ರಲ್ಲೇ ಗುಜರಿಗೆ ಹಾಕಲಾಯಿತು. ಈಗಿರುವುದು 2001ರಲ್ಲಿ ಪೂರ್ಣಗೊಂಡ ಮರುನಿರ್ಮಾಣ.

1950ರ ದಶಕದ ನಡುವೆ ಆಲ್ಫ್ರೆಡ್ ನ್ಯೂಬಾವರ್ ಮುನ್ನಡೆಸುತ್ತಿದ್ದ ಮರ್ಸಿಡಿಸ್ ರೇಸ್ ತಂಡಕ್ಕೆ, ಕಾರ್ಖಾನೆಯಲ್ಲಿ ಕೊನೆ ಗಳಿಗೆಯಲ್ಲಿ ದುರಸ್ತಿಯಾದ ರೇಸ್ ಕಾರನ್ನು ಯುರೋಪಿನ ಯಾವ ಟ್ರ್ಯಾಕಿಗಾದರೂ ಬೇಗ ತಲುಪಿಸಬೇಕಿತ್ತು. ಸಾಮಾನ್ಯ ಲಾರಿಗಳ ವೇಗ ಸಾಲುತ್ತಿರಲಿಲ್ಲ. ಆದ್ದರಿಂದ ರೇಸಿಂಗ್ ವಿಭಾಗವೇ ಒಂದನ್ನು ಕಟ್ಟಿಕೊಂಡಿತು: ಮರ್ಸಿಡಿಸ್‌ನದೇ 300 ಎಸ್ ಕಾರಿನಿಂದ ಬೆಳೆಸಿದ ಚಾಸಿ (ವಾಹನದ ಅಡಿಚೌಕಟ್ಟು), 300 ಎಸ್‌ಎಲ್ ಸ್ಪೋರ್ಟ್ಸ್ ಕಾರಿನ ಮೂರು ಲೀಟರ್ ಎಂಜಿನ್, 180 ಮಾದರಿಯ ಕಾರಿನಿಂದ ತೆಗೆದ ಬಿಡಿಭಾಗಗಳು. 192 ಅಶ್ವಶಕ್ತಿ, ಬೆನ್ನ ಮೇಲೆ ಕಾರು ಹೊತ್ತೂ ಗಂಟೆಗೆ ಸುಮಾರು 170 ಕಿ.ಮೀ. ಓಟ! ಚಾಲಕನ ಕೋಣೆ ಮುಂಚಕ್ರಗಳಿಗಿಂತ ಮುಂದಕ್ಕೆ, ನೆಲಕ್ಕೆ ತೀರ ಹತ್ತಿರ ಚಾಚಿಕೊಂಡಿದೆ. ಜರ್ಮನರು ಇದನ್ನು ‘ನೀಲಿ ವಿಸ್ಮಯ’ ಎಂದೇ ಕರೆದರು.

1955ರ ಕೊನೆಗೆ ಕಂಪನಿ ರೇಸಿನಿಂದ ಹಿಂದೆ ಸರಿಯಿತು. ಲಾರಿ ಅಮೆರಿಕದ ಪ್ರದರ್ಶನಗಳಿಗೆ ಹೋಗಿ ಬಂದು, ಪರೀಕ್ಷಾ ವಿಭಾಗದಲ್ಲಿ ದುಡಿದು, ಕೊನೆಗೆ ಒಡೆಯಲ್ಪಟ್ಟಿತು. ಇಂಥ ವಾಹನವನ್ನು ಕಳೆದುಕೊಂಡದ್ದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ.

ಮರುನಿರ್ಮಾಣ ಶುರುವಾದದ್ದು 1993ರಲ್ಲಿ. ಪೂರ್ಣ ನಕ್ಷೆಗಳು ಉಳಿದಿರಲಿಲ್ಲ. ಹಳೆಯ ಫೋಟೋಗಳನ್ನು ಹಿಗ್ಗಿಸಿ, ಗೊತ್ತಿದ್ದ ಭಾಗಗಳ ಅಳತೆಯಿಂದ ಉಳಿದದ್ದನ್ನು ಲೆಕ್ಕ ಹಾಕಿ, ತಗಡನ್ನು ಕೈಯಿಂದಲೇ ಬಾಗಿಸಬೇಕಾಯಿತು. ಸಾವಿರಾರು ಗಂಟೆಗಳ ದುಡಿಮೆ ಅದರಲ್ಲಿದೆ. ಮೂಲದ ಒಂದು ಬೋಲ್ಟೂ ಇಲ್ಲವೆಂದು ಇದನ್ನು ಬರಿಯ ನಕಲು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎಂಜಿನ್, ಚಾಸಿಗಳು ಆ ಕಾಲದ ವಿನ್ಯಾಸವನ್ನೇ ಅನುಸರಿಸಿವೆ, ವಾಹನ ರಸ್ತೆಯಲ್ಲಿ ಓಡುತ್ತದೆ.