ಕೃಪೆಯಿಂದಲೇ ರಕ್ಷಣೆ ಎಂದಾದರೆ ಸತ್ಕಾರ್ಯಗಳೇಕೆ?

ನಮ್ಮ ಕಾಸರಗೋಡಿನ ಕಡೆ, ಬೇಳದ ಇಗರ್ಜಿಗೆ ಹೋಗುವ ಕಥೋಲಿಕರೂ ಬಾಸೆಲ್ ಮಿಷನ್ ಪರಂಪರೆಯ ಪ್ರಾಟೆಸ್ಟೆಂಟರೂ ಮಾತಿಗೆ ಕುಳಿತಾಗ ಈ ಪ್ರಶ್ನೆ ಏಳುವುದುಂಟು. ಸತ್ಕಾರ್ಯ ರಕ್ಷಣೆಗೆ, ಅಂದರೆ ಪಾಪದಿಂದ ಬಿಡುಗಡೆಗೆ, ತೆರುವ ಬೆಲೆಯಲ್ಲ, ರಕ್ಷಣೆ ಬಿಡುವ ಫಲ. ಬೈಬಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8, 9ನೇ ವಚನಗಳು ರಕ್ಷಣೆ ದೇವರ ವರ, ಯಾರೂ ಹೊಗಳಿಕೊಳ್ಳುವಂತಿಲ್ಲ ಎನ್ನುತ್ತವೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು 10ನೆಯದನ್ನೂ ಓದಿ. ನಾವು ಸತ್ಕಾರ್ಯಗಳಿಗಾಗಿಯೇ ಸೃಷ್ಟಿಯಾದವರು ಎಂದು ಅದೇ ಉಸಿರಿನಲ್ಲಿ ಹೇಳಿದೆ.

ಬೈಬಲಿನದೇ ಆದ ಯಾಕೋಬನ ಪತ್ರ ಇದಕ್ಕೆ ವಿರುದ್ಧವಲ್ಲ. ಆಟಿಯ ಮಳೆಯಲ್ಲಿ ಕೂಲಿಯಿಲ್ಲದೆ ಒಲೆ ಹಚ್ಚದ ನೆರೆಮನೆಗೆ ಹೋಗಿ, "ದೇವರು ನೋಡಿಕೊಳ್ಳುತ್ತಾನೆ" ಎಂದಷ್ಟೇ ಹೇಳಿ, ಒಂದು ಸೇರು ಅಕ್ಕಿಯನ್ನೂ ಕೊಡದೆ ಮರಳುವ ನಂಬಿಕೆ ಇದೆಯಲ್ಲ, ಅಂಥದ್ದನ್ನೇ ಅವನು ಸತ್ತದ್ದು ಎನ್ನುವುದು. ಪೌಲನು ಗಳಿಕೆಯ ಅಹಂಕಾರವನ್ನು ಮುರಿಯುತ್ತಾನೆ, ಯಾಕೋಬನು ಒಣ ಮಾತನ್ನು.

ಎರಡು ಪಂಗಡಗಳ ಭೇದ ಪೂರ್ತಿ ಅಳಿದಿಲ್ಲ: ಕೃಪೆಯಲ್ಲಿ ಮಾಡಿದ ಕಾರ್ಯಕ್ಕೆ ಪುಣ್ಯಫಲವುಂಟೆಂದು ಕಥೋಲಿಕರು ಈಗಲೂ ನಂಬುತ್ತಾರೆ. ಆದರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಪ್ರಾಟೆಸ್ಟೆಂಟರ ಒಂದು ಪಂಗಡವಾದ ಲೂಥರನ್ನರೂ ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದ ಮಾತ್ರ.