ಕಾರವಾರದಲ್ಲಿ ಹಾಲ್‌ನ ಡಿಜೆ ಗಲಾಟೆ: ಏನು ಮಾಡಬಹುದು?

ಪಕ್ಕದ ಮದುವೆ ಹಾಲ್‌ನಲ್ಲಿ ರಾತ್ರಿ 12ರವರೆಗೂ ಡಿಜೆ, ಕೇಳಿದರೆ 'ಪರ್ಮಿಷನ್ ಇದೆ' ಅಂತಾರೆ ಅಂದಿರಲ್ಲ, ಮೊದಲು ಆ ಕಾಗದ ತೋರಿಸಿ ಅನ್ನಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ 12ರವರೆಗೆ ಸಡಿಲಿಕೆ ಕೊಡುವುದು ಸರ್ಕಾರ, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ದಿನಾ ಬರುವ ಮದುವೆಗಲ್ಲ.

'ನಮ್ಮದು ಮುಚ್ಚಿದ ಹಾಲ್' ಅಂತಲೂ ಹೇಳಬಹುದು. ಒಳಗಿನವರಿಗಷ್ಟೇ ಕೇಳಿಸುವುದಾದರೆ ವಿನಾಯಿತಿ ಇದೆ, ನಿಜ. ಆದರೆ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್, ಅವರ ಕಾಂಪೌಂಡ್ ಗಡಿಯಲ್ಲಿ ಅದಕ್ಕಿಂತ 5 ಜಾಸ್ತಿ ದಾಟಬಾರದು. ನಿಮ್ಮ ಕಿಟಕಿ ಗಾಜು ಅದುರುತ್ತಿದ್ದರೆ ಅದು ಯಾವಾಗಲೋ ದಾಟಿದೆ ಬಿಡಿ!

ಸದ್ದು ಇರುವಾಗಲೇ 112ಕ್ಕೆ ಫೋನ್ ಮಾಡಿ, ಟೈಮ್ ಕಾಣುವಂತೆ ವಿಡಿಯೋ ಇಟ್ಟುಕೊಳ್ಳಿ. ಮರುದಿನ ಠಾಣೆಗೆ ಬರಹದಲ್ಲೇ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ, ಬಾಯಿಮಾತಿನ ದೂರು ಸುಮ್ನೆ ಹಾರಿಹೋಗುತ್ತದೆ.