ಓದುಗರ ಪ್ರಶ್ನೆ: ತಾರೆಯರು ಹೇಳಿದರೆ ಆಳುವವರು ಕೇಳುತ್ತಾರೆಯೇ?

ಪ್ರಶ್ನೆ: ನಟರು, ಗಾಯಕರು ತಮಗೆ ಸಂಬಂಧವಿಲ್ಲದ ಜಾಗತಿಕ ವಿಷಯಗಳಲ್ಲಿ ಪ್ರಧಾನಿಗಳಿಗೆ, ಅಧ್ಯಕ್ಷರಿಗೆ ಬುದ್ಧಿ ಹೇಳಲು ಹೋಗುವುದು ಸರಿಯೇ? ಇವರನ್ನು ಓಟು ಹಾಕಿ ಯಾರೂ ಆರಿಸಿಲ್ಲವಲ್ಲ?
— ಸಾಗರದಿಂದ ಒಬ್ಬರು

ಉತ್ತರ: ಆರಿಸಿಲ್ಲ, ನಿಜ. ಶಸ್ತ್ರಾಸ್ತ್ರ ಕಂಪನಿಗಳ ಪ್ರತಿನಿಧಿಗಳನ್ನೂ ಯಾರೂ ಆರಿಸಿಲ್ಲ. ಅವರು ಸದ್ದಿಲ್ಲದೆ ಮಂತ್ರಿಗಳನ್ನು ಕಂಡುಬರುತ್ತಾರೆ, ತಾರೆಯರು ಕ್ಯಾಮೆರಾ ಮುಂದೆ ಕೇಳುತ್ತಾರೆ. ಕೇಳುವ ಹಕ್ಕು ಯಾರಿಗಾದರೂ ಇದೆ. ನೋಡಬೇಕಾದ್ದು ಬೆನ್ನಿಗೆ ಯಾರಿದ್ದಾರೆ, ಕೇಳುತ್ತಿರುವುದು ಏನು ಎಂಬುದನ್ನು.

ನೆಲಬಾಂಬ್, ಅಂದರೆ ಕಾಲಿಟ್ಟರೆ ಸಿಡಿಯುವಂತೆ ನೆಲದಲ್ಲಿ ಹೂತಿಡುವ ಬಾಂಬುಗಳ, ನಿಷೇಧವನ್ನೇ ತೆಗೆದುಕೊಳ್ಳಿ. 1997ರ ಜನವರಿಯಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಆಫ್ರಿಕದ ಅಂಗೋಲಾ ದೇಶದ ಹುವಾಂಬೊದಲ್ಲಿ ಎದೆಗೆ ಕವಚ, ಮುಖಕ್ಕೆ ಪಾರದರ್ಶಕ ಮರೆ ಕಟ್ಟಿಕೊಂಡು, ಬಾಂಬ್ ತೆಗೆದು ಹಸನು ಮಾಡಿದ್ದ ಓಣಿಯಲ್ಲಿ ನಡೆದರು. ಆಕೆಗೆ ಲಂಗುಲಗಾಮಿಲ್ಲ ಎಂಬರ್ಥದಲ್ಲಿ ಅವರ ದೇಶದ ಕಿರಿಯ ಮಂತ್ರಿಯೊಬ್ಬರು ಗೊಣಗಿದರು. ಆದರೆ ಆ ಚಿತ್ರ ಜಗತ್ತನ್ನೇ ಸುತ್ತಿತು. ಅದೇ ಡಿಸೆಂಬರಿನಲ್ಲಿ ಒಟ್ಟಾವಾದಲ್ಲಿ 122 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು: ದಾಸ್ತಾನು 4 ವರ್ಷದೊಳಗೆ ನಾಶವಾಗಬೇಕು, ಹೂತಿರುವ ಬಾಂಬುಗಳನ್ನು 10 ವರ್ಷದೊಳಗೆ ತೆಗೆಯಬೇಕು.

ಇದೆಲ್ಲ ಡಯಾನಾ ಒಬ್ಬರ ಸಾಧನೆ ಎನ್ನುವುದು ತಪ್ಪು. ಅಭಿಯಾನ ಶುರುವಾದದ್ದು 1992ರಲ್ಲಿ. ಒಂದು ವರ್ಷದೊಳಗೆ ಒಪ್ಪಂದಕ್ಕೆ ಸಹಿ ಹಾಕೋಣ ಬನ್ನಿ ಎಂದು ಕೆನಡಾದ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ 1996ರ ಅಕ್ಟೋಬರಿನಲ್ಲೇ ಎಲ್ಲರನ್ನೂ ಕರೆದಾಗಿತ್ತು. ಕೆಲಸ ಅರ್ಧಕ್ಕೆ ಬಂದಾಗ ಆಕೆ ತನ್ನ ಮುಖವನ್ನು ಎರವಲು ಕೊಟ್ಟರು. ಅಮೆರಿಕ, ರಷ್ಯಾ, ಚೀನಾ, ಭಾರತ, ಪಾಕಿಸ್ತಾನ ಇಂದಿಗೂ ಸೇರಿಲ್ಲ. 2025ರಲ್ಲಿ ಫಿನ್‌ಲೆಂಡ್, ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ರಷ್ಯಾದ ಭಯದಿಂದ ಹೊರಬರಲು ತೀರ್ಮಾನಿಸಿದವು. ಗಡಿಯಲ್ಲಿ ಭಯ ಹುಟ್ಟಿದ ಮೇಲೆ ಯಾರ ವರ್ಚಸ್ಸೂ ನಡೆಯುವುದಿಲ್ಲ.

ಪ್ರಶ್ನೆ: 2005ರಲ್ಲಿ ಬಡ ದೇಶಗಳಿಗಾಗಿ 'ಲೈವ್ 8' ಸಂಗೀತ ಕಛೇರಿಗಳು ನಡೆದವು. ಕೊನೆಗೆ ಆಫ್ರಿಕಕ್ಕೆ ಏನಾದರೂ ಸಿಕ್ಕಿತೇ?
— ಹುಬ್ಬಳ್ಳಿಯಿಂದ ಒಬ್ಬರು

ಉತ್ತರ: ಒಂದು ಸಿಕ್ಕಿತು, ಇನ್ನೊಂದು ಅರ್ಧವೂ ಸಿಗಲಿಲ್ಲ. ಏಕೆಂದು ತಿಳಿದರೆ ಈ ಇಡೀ ವ್ಯವಹಾರ ಅರ್ಥವಾಗುತ್ತದೆ.

ಕಛೇರಿ ನಡೆದದ್ದು ಜುಲೈ 2ರಂದು. ಜುಲೈ 6ರಿಂದ 8ರವರೆಗೆ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಜಿ8, ಅಂದರೆ ಎಂಟು ಪ್ರಬಲ ದೇಶಗಳ ಕೂಟದ, ನಾಯಕರು ಸೇರಿದರು. ಬೇಡಿಕೆಗಳಲ್ಲಿ ಎರಡು ಮುಖ್ಯ. ಮೊದಲನೆಯದು ಸಾಲಮನ್ನಾ: 18 ಬಡ ದೇಶಗಳಿಂದ ಶುರುಮಾಡಿ, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕ್ ಮತ್ತು ಆಫ್ರಿಕನ್ ಅಭಿವೃದ್ಧಿ ನಿಧಿಗೆ ಬರಬೇಕಾದ ಸುಮಾರು 4,000 ಕೋಟಿ ಡಾಲರ್ ಬಿಟ್ಟುಬಿಡುವುದು. ಇದು 2006ರಿಂದ ಜಾರಿಗೆ ಬಂತು. ಎರಡನೆಯದು, 2010ರ ಹೊತ್ತಿಗೆ ಆಫ್ರಿಕದ ವಾರ್ಷಿಕ ನೆರವನ್ನು 2,500 ಕೋಟಿ ಡಾಲರ್ ಹೆಚ್ಚಿಸುವುದು. ಅದರಲ್ಲಿ ಅರ್ಧಕ್ಕಿಂತ ಕಡಿಮೆ ತಲುಪಿತು.

ಸಾಲಮನ್ನಾಕ್ಕೆ ಮೂರು ಸಂಸ್ಥೆಗಳ ಆಡಳಿತ ಮಂಡಳಿಗಳು ಒಮ್ಮೆ ತೀರ್ಮಾನ ಮಾಡಿದರೆ ಸಾಕು, ಮತ್ತೆ ಹಿಂದೆಗೆಯುವ ಮಾತಿಲ್ಲ. ನೆರವಿನ ಹಣವಾದರೆ ಪ್ರತಿ ದೇಶದ ಬಜೆಟ್ಟಿನಲ್ಲಿ ಪ್ರತಿ ವರ್ಷ ಹೊಸದಾಗಿ ಮಂಜೂರಾಗಬೇಕು. ವೇದಿಕೆ ಬಿಚ್ಚಿ, ದೀಪ ಆರಿಸಿ ಹೋದ ಮೇಲೆ 2006, 2007, 2008ರ ಬಜೆಟ್ಟಿನ ಹೊತ್ತಿಗೆ ಬಾಗಿಲು ತಟ್ಟುವವರು ಯಾರು? ನಡುವೆ 2008ರ ಆರ್ಥಿಕ ಕುಸಿತ ಬೇರೆ.

ಇನ್ನು ಬಾಗಿಲು ತಟ್ಟುವ ಬಗೆ. 2000ದಲ್ಲಿ ಗಾಯಕ ಬೋನೊ ಅಮೆರಿಕದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರನ್ನು ಕಂಡರು. ವಿದೇಶಿ ನೆರವೆಂದರೆ ಇಲಿಬಿಲಕ್ಕೆ ಸುರಿದ ದುಡ್ಡು ಎನ್ನುತ್ತಿದ್ದ ಕಟ್ಟಾ ಬಲಪಂಥೀಯ ಅವರು. ವಿದೇಶಾಂಗ ಸಮಿತಿಯ ಅಧ್ಯಕ್ಷರೂ ಹೌದು. ಹೆಲ್ಮ್ಸ್ ಮುಂದೆ ಬೋನೊ ಹರಡಿದ್ದು ಬರೀ ಅಂಕಿಅಂಶವನ್ನಲ್ಲ, 50 ವರ್ಷಕ್ಕೊಮ್ಮೆ ಸಾಲಗಾರರಿಗೆ ಬಿಡುಗಡೆ ಕೊಡಬೇಕೆಂಬ ಬೈಬಲ್ಲಿನ ಮಾತನ್ನು. ಮುದುಕರು ಕಣ್ಣೀರು ಹಾಕಿದರು. ಆ ವರ್ಷ ಅಮೆರಿಕದ ಸಂಸತ್ತು ಸಾಲ ಪರಿಹಾರಕ್ಕೆ 43.5 ಕೋಟಿ ಡಾಲರ್ ಕೊಟ್ಟಿತು. ತಮ್ಮನ್ನು ಮೆಚ್ಚುವವರ ಬಳಿಗೇ ಹೋಗುವ ತಾರೆಯರಿಂದ ಇಂಥದ್ದು ಆಗುವುದಿಲ್ಲ.

ಪ್ರಶ್ನೆ: ನಮ್ಮ ರೈತ ಹೋರಾಟದ ಬಗ್ಗೆ ಗಾಯಕಿ ರಿಹಾನಾ ಟ್ವೀಟ್ ಮಾಡಿದ್ದರು. ಅದರಿಂದ ಲಾಭವಾಯಿತೋ ನಷ್ಟವೋ?
— ಮಂಡ್ಯದಿಂದ ಒಬ್ಬರು

ಉತ್ತರ: ಟ್ವೀಟ್ ಬಂದದ್ದು 2021ರ ಫೆಬ್ರವರಿ 2ರಂದು. ಮರುದಿನವೇ ವಿದೇಶಾಂಗ ಇಲಾಖೆ ಖಂಡಿಸಿತು, ಕ್ರಿಕೆಟಿಗರು, ನಟರು ಸಾಲುಸಾಲಾಗಿ ಪ್ರತಿ-ಟ್ವೀಟ್ ಹಾಕಿದರು. ಜಗತ್ತಿನ ಗಮನ ಬಂತು, ಆದರೆ ಚರ್ಚೆ ಕೃಷಿ ಕಾಯ್ದೆಯಿಂದ ಜಾರಿ ದೇಶದ ಸಾರ್ವಭೌಮತೆಗೆ ಹೋಯಿತು. ಕಾಯ್ದೆ ವಾಪಸಿನ ಘೋಷಣೆ ಬಂದದ್ದು ನವೆಂಬರ್ 19ಕ್ಕೆ, ಪಂಜಾಬ್, ಉತ್ತರ ಪ್ರದೇಶದ ಚುನಾವಣೆ ಹತ್ತಿರ ಬಂದಾಗ. ಆ ಶ್ರೇಯ ದೆಹಲಿಯ ಸಿಂಘು, ಟಿಕ್ರಿ ಗಡಿಯಲ್ಲಿ ಕೂತ ರೈತರದು ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಸಮುದ್ರದ ಪ್ಲಾಸ್ಟಿಕ್ ಕುರಿತ ಜಾಗತಿಕ ಒಪ್ಪಂದದ ವಿಷಯದಲ್ಲಿ ಹೆಸರಾಂತ ನಟರೊಬ್ಬರಿಂದ ಸಚಿವರಿಗೆ ಹೇಳಿಸಬೇಕೆಂದಿದ್ದೇವೆ. ಹೇಗೆ ಹೊರಡಬೇಕು?
— ಮಂಗಳೂರಿನ ಕಾಲೇಜು ಗೆಳೆಯರು

ಉತ್ತರ: ಮೊದಲು ಯಾರ ಹತ್ತಿರ ಹೋಗಬೇಕೆಂದು ಗಟ್ಟಿ ಮಾಡಿಕೊಳ್ಳಿ. ಜಿಲ್ಲಾ ಉಸ್ತುವಾರಿ ಸಚಿವರ ಹತ್ತಿರ ಹೋಗಿ ಫೋಟೊ ತೆಗೆಸಿಕೊಂಡು ಬರುವವರೇ ಹೆಚ್ಚು. ಈ ಮಾತುಕತೆ ನಡೆಸುವುದು ಕೇಂದ್ರದ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ.

2024ರ ಕೊನೆಗೆ ಬುಸಾನ್‌ನಲ್ಲಿ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಸಭೆಗಳು ಒಪ್ಪಂದವಿಲ್ಲದೆ ಮುಗಿದವು. ಪ್ಲಾಸ್ಟಿಕ್ ತಯಾರಿಕೆಗೇ ಮಿತಿ ಹಾಕಬೇಕೇ, ಕಸ ನಿರ್ವಹಣೆ ಸಾಕೇ ಎಂಬುದು ಮುಖ್ಯ ಜಗಳ. ಭಾರತ ತಯಾರಿಕೆಯ ಮಿತಿಗೆ ವಿರುದ್ಧವಾಗಿದೆ. ಹಾಗಾಗಿ 'ಪ್ಲಾಸ್ಟಿಕ್ ನಿಲ್ಲಿಸಿ' ಎಂದರೆ ಸಚಿವರು ತಲೆಯಾಡಿಸಿ ಕಳಿಸುತ್ತಾರೆ. 'ಸಮುದ್ರದಲ್ಲಿ ಬಿಟ್ಟುಹೋದ ಮೀನುಬಲೆಗಳ ಬಗ್ಗೆ ಕಡ್ಡಾಯ ನಿಯಮವನ್ನು ಭಾರತ ಬೆಂಬಲಿಸಲಿ' ಎಂದು ಕೇಳಿ. ಹೌದು, ಇಲ್ಲ ಎರಡರಲ್ಲಿ ಒಂದನ್ನು ಹೇಳಲೇಬೇಕಾಗುತ್ತದೆ. ಒಂದೇ ಪುಟ, ಒಂದೇ ಬೇಡಿಕೆ ಇರಲಿ.

ನಟರನ್ನು ಒಪ್ಪಿಸುವ ಮುನ್ನ ಅವರ ಜಾಹೀರಾತುಗಳನ್ನು ನೋಡಿ. ಬಾಟಲಿ ಪಾನೀಯದ ಜಾಹೀರಾತಿನಲ್ಲಿದ್ದರೆ ಪತ್ರಕರ್ತರು ಮೊದಲು ಕೇಳುವುದು ಅದನ್ನೇ. ಭೇಟಿಗೆ ಹತ್ತು ನಿಮಿಷ ಸಿಕ್ಕಿತೆನ್ನಿ: ನಟರದು ಎರಡು ನಿಮಿಷ, ಬಲೆಗೆ ಬೀಳುವ ಪ್ಲಾಸ್ಟಿಕ್ಕನ್ನು ದಿನವೂ ಕಾಣುವ ಮೀನುಗಾರರದು ಮೂರು, ಉಳಿದದ್ದು ಸಚಿವರಿಗೂ ಅಧಿಕಾರಿಗಳ ಪ್ರಶ್ನೆಗೂ. ಫೋಟೊ ಕೊನೆಗೆ. ಮೊದಲೇ ತೆಗೆದರೆ ಅಲ್ಲಿಗೆ ಭೇಟಿ ಮುಗಿದಂತೆಯೇ. ಅಧಿವೇಶನ ಹತ್ತಿರವಿದ್ದರೆ ನಿಮ್ಮ ಸಂಸದರಿಂದ ಲೋಕಸಭೆಯಲ್ಲಿ ಪ್ರಶ್ನೆಯನ್ನೂ ಕೇಳಿಸಿ. ಅದಕ್ಕೆ ಕನಿಷ್ಠ 15 ದಿನ ಮುಂಚೆ ನೋಟಿಸು ಬೇಕು.

ಎರಡು ದಿನದೊಳಗೆ ಸಚಿವರ ಆಪ್ತ ಕಾರ್ಯದರ್ಶಿಗೆ ಪತ್ರ ಬರೆದು, ಸಚಿವರು ಏನು ಹೇಳಿದರೆಂದು ದಾಖಲಿಸಿ. ಒಂದೆರಡು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಮಾತುಕತೆಯಲ್ಲಿ ಭಾರತದ ನಿಲುವೇನು ಎಂದು ಕೇಳಬೇಡಿ, ವಿದೇಶ ಸಂಬಂಧದ ನೆಪದಲ್ಲಿ ಸೆಕ್ಷನ್ 8(1)(ಎ) ತೋರಿಸಿ ತಳ್ಳಿಹಾಕಬಹುದು. ನಿಮ್ಮ ಪತ್ರದ ಮೇಲೆ ಏನು ಕ್ರಮವಾಯಿತು, ಕಡತ ಈಗ ಯಾವ ಅಧಿಕಾರಿಯ ಬಳಿ ಇದೆ ಎಂದಷ್ಟೇ ಕೇಳಿ.